ಬೆಸುಗೆಯ ಮೇಲಿನ ಅಪವಾದ

ಕಕ್ಕಿಂಜೆಯ ಶಾಹುಲ್ ಹಮೀದರು ಗಲ್ಫಿನಲ್ಲಿ ಹಡಗು ಕಟ್ಟುವಲ್ಲಿ ಹನ್ನೊಂದು ವರ್ಷ ವೆಲ್ಡಿಂಗ್ ಮಾಡಿ, ೧೯೯೭ರಲ್ಲಿ ಊರಿಗೆ ಬಂದು ವರ್ಕ್‌ಶಾಪ್ ಇಟ್ಟವರು. ಬೆಸೆದ ಕಬ್ಬಿಣ ತಣಿಯುವಾಗ ಒಳಗೊಳಗೇ ಸೆಳೆದುಕೊಳ್ಳುತ್ತದೆ. ಆ ಸೆಳೆತ ಅಲ್ಲೇ ಉಳಿದು ಮುಂದೊಂದು ದಿನ ಬಿರುಕಾಗುತ್ತದೆ. ಬೆಸುಗೆಯ ಅಂಚಿಗೆ ಉದ್ದಕ್ಕೂ ಸಣ್ಣಸಣ್ಣ ಏಟು ಕೊಟ್ಟರೆ ಅದು ಒತ್ತಿಕೊಂಡು ಗಟ್ಟಿ ಕೂರುತ್ತದೆ. ಅವರು ಅಲ್ಲಿ ಕಲಿತ ಈ ವಿದ್ಯೆ ಗೇಟು, ಕಿಟಕಿ ಮಾಡಿಸುವ ಊರಿನವರಿಗೆ ಬೇಕಿರಲಿಲ್ಲ.

ಬೇಕಾದದ್ದು ಧರಣೇಂದ್ರರಿಗೆ. ಮಿಜಾರಿನ ಹತ್ತಿರದ ಕಾಲೇಜೊಂದರ ಉಪನ್ಯಾಸಕರಾದ ಅವರು ಪಿಎಚ್.ಡಿ.ಗಾಗಿ ಆ ಸೆಳೆತವನ್ನೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿದ್ದರು. ಹಮೀದರು ಅವರಿಗೆ ನಲವತ್ತು ತುಂಡು ಬೆಸೆದು, ಬಡಿದು ಕೊಟ್ಟರು. ಪರದೆಯ ಮೇಲೆ ಸೆಳೆತವಿರುವ ಬೆಸುಗೆ ಕೆಂಪಾಗಿ, ಏಟು ಬಿದ್ದು ಒತ್ತಿಕೊಂಡ ಅಂಚು ನೀಲಿಯಾಗಿ ಕಂಡಾಗ ಹಮೀದರು ತುಂಬ ಹೊತ್ತು ನೋಡುತ್ತ ನಿಂತರು.

"ಒಮ್ಮೆ ಮಿತಿ ಮೀರಿ ಭಾರ ಬಿದ್ರೆ ಈ ನೀಲಿ ಉಳಿಯುವುದಿಲ್ಲ ಸರ್. ಅಲ್ಲಿ ಕ್ರೇನಿಗೆ ಹಾಗಾದ್ರೆ ನಾವು ಪುನಃ ಬಡಿಯುತ್ತಿದ್ದೆವು. ಅದನ್ನೂ ಲೆಕ್ಕಕ್ಕೆ ಸೇರಿಸಿ."

ಆಮೇಲೆ ನೋಡುವ ಎಂದರು ಧರಣೇಂದ್ರ.

೨೦೦೪ರಲ್ಲಿ ನೆರಿಯದ ಆಚೆಯ ರಬ್ಬರ್ ಎಸ್ಟೇಟೊಂದರ ತೋಡಿಗೆ, ಜನ, ಬೈಕು, ಹೆಚ್ಚೆಂದರೆ ಖಾಲಿ ಜೀಪು ದಾಟುವಷ್ಟರ ಕಬ್ಬಿಣದ ಸೇತುವೆಯನ್ನು ಹಮೀದರು ಒಂದೊಂದು ಬೆಸುಗೆಯನ್ನೂ ಬಡಿದು ಕಟ್ಟಿದರು. ಮೂವತ್ತು ವರ್ಷಕ್ಕೆ ಭಯವಿಲ್ಲವೆಂದು ಧರಣೇಂದ್ರ ಲೆಕ್ಕ ಹಾಕಿ ವರದಿ ಕೊಟ್ಟರು. ಎರಡು ವರ್ಷ ಕಳೆದು ಎಸ್ಟೇಟಿನವರು ಅದರ ಮೇಲೆ ಮರ ತುಂಬಿದ ಟ್ರ್ಯಾಕ್ಟರ್ ದಾಟಿಸಿದರು. ಸೇತುವೆ ತಡೆದುಕೊಂಡಿತು. ಎಂಟು ತಿಂಗಳ ನಂತರ, ರಬ್ಬರ್ ಹಾಲಿನ ಕ್ಯಾನ್ ಹೊತ್ತು ಟ್ಯಾಪಿಂಗಿನ ಜತ್ತಪ್ಪ ನಡೆದು ಹೋಗುತ್ತಿದ್ದಾಗ ಒಂದು ಬೆಸುಗೆ ಬಿಟ್ಟಿತು. ಬಿದ್ದವನ ಸೊಂಟದ ಮೂಳೆ ಮುರಿಯಿತು.

ಕಂಪ್ಯೂಟರ್ ಮೂವತ್ತು ವರ್ಷ ಎಂದ ಮೇಲೆ ತಪ್ಪು ವೆಲ್ಡಿಂಗಿನವನದ್ದೇ ಎಂದರು ಎಸ್ಟೇಟಿನ ಯಜಮಾನರು. ಊರೂ ಹಾಗೇ ಹೇಳಿತು.

ಹಮೀದರು ಮೂಡುಬಿದಿರೆಯ ಬಸ್ಸು ಹಿಡಿದು ಕಾಲೇಜಿಗೆ ಹೋಗಿ ಧರಣೇಂದ್ರರಿಗೆ ಟ್ರ್ಯಾಕ್ಟರಿನ ವಿಷಯ ತಿಳಿಸಿದರು. ಎರಡು ವಾರ ಕಳೆದು ಧರಣೇಂದ್ರರೇ ಕಕ್ಕಿಂಜೆಯ ಮನೆಗೆ ಬಂದರು.

"ನೀವು ಹೇಳಿದ್ದೇ ಸರಿ ಹಮೀದಾಕ. ಪುನಃ ಲೆಕ್ಕ ಹಾಕಿ ನೋಡಿದೆ. ಟ್ರ್ಯಾಕ್ಟರ್ ಒಮ್ಮೆ ಹೋದ್ರೆ ಸಾಕು, ನೀಲಿ ಪೂರ್ತಿ ಹೋಗ್ತದೆ."

"ಹಾಗಾದ್ರೆ ಬರೆದು ಕೊಡಿ ಸರ್."

ಧರಣೇಂದ್ರ ಚಹಾದ ಗ್ಲಾಸು ಕೆಳಗಿಟ್ಟರು. ಪಿಎಚ್.ಡಿ. ಪ್ರಬಂಧ ಹಳೆಯ ಲೆಕ್ಕದಲ್ಲೇ ವಿಶ್ವವಿದ್ಯಾಲಯಕ್ಕೆ ಹೋಗಿದೆ, ಈಗ ಬರೆದರೆ ಎಲ್ಲ ನಿಲ್ಲುತ್ತದೆ, ಸ್ವಲ್ಪ ಸಮಯ ಬೇಕು ಎಂದರು. ಜತ್ತಪ್ಪನಿಗಾದರೂ ಬಾಯಿಮಾತಿನಲ್ಲಿ ಹೇಳಿ ಎಂದು ಹಮೀದರು ಬೇಡಿಕೊಂಡರು. ತಲೆಯಾಡಿಸಿ ಹೋದವರು ಜತ್ತಪ್ಪನ ಮನೆಯ ದಾರಿ ಹಿಡಿಯಲೇ ಇಲ್ಲ. ಆ ವರ್ಷವೇ ಅವರಿಗೆ ಡಾಕ್ಟರೇಟ್ ಬಂತು.

ಕೊನೆಗೆ ಹಮೀದರೇ ಹೋದರು. ಜತ್ತಪ್ಪ ಮಲಗಿದಲ್ಲಿಂದಲೇ ಎಲ್ಲ ಕೇಳಿಸಿಕೊಂಡ. "ಟ್ರ್ಯಾಕ್ಟರಿಗೆ ಬೀಳದ್ದು ನನ್ನ ಕಾಲಿಗೆ ಬೀಳ್ತದಾ ಬ್ಯಾರಿಗಳೇ?" ಎಂದು ಗೋಡೆಯ ಕಡೆ ಮುಖ ತಿರುಗಿಸಿದ.

ಕೆಲಸ ಬರುವುದು ನಿಂತಿತು. ವರ್ಕ್‌ಶಾಪ್ ಮುಚ್ಚಿ ಹಮೀದರು ಬಂಟ್ವಾಳದಲ್ಲಿ ಇನ್ನೊಬ್ಬರ ಕೈಕೆಳಗೆ ಕಿಟಕಿಯ ಗ್ರಿಲ್ ಬೆಸೆಯಲು ಸೇರಿದರು. ಆ ಮನುಷ್ಯ ಸತ್ಯವನ್ನಾದರೂ ಬಂದು ಹೇಳಿದನಲ್ಲ ಎಂದು ಹೆಂಡತಿ ಮೈಮೂನಮ್ಮ ಒಮ್ಮೆ ಸಮಾಧಾನಕ್ಕೆ ಹೇಳಿದಾಗ ಅವರು ಊಟದ ಬಟ್ಟಲು ಸರಿಸಿದರು.

"ಹೇಳದೇ ಇದ್ದಿದ್ರೆ ನನ್ನ ಕೈಯದ್ದೇ ತಪ್ಪು ಅಂತ ಸುಮ್ಮನಿರ್ತಿದ್ದೆ."