ರಾಬರ್ಟ್‌ಸನ್‌ಪೇಟೆಯ ವೈರ್‌ಲೆಸ್ ಮೂಕವಾದ ಮಧ್ಯಾಹ್ನ

1981ರಲ್ಲಿ ನಾನು ಚಿನ್ನದ ಗಣಿಯ ಊರಾದ ರಾಬರ್ಟ್‌ಸನ್‌ಪೇಟೆಯ ವೈರ್‌ಲೆಸ್ ಕೇಂದ್ರವೊಂದರಲ್ಲಿ ಮೇಲ್ವಿಚಾರಕನಾಗಿದ್ದೆ. ಬಂಗಾರಪೇಟೆ ಪಕ್ಕದ ಹಳ್ಳಿಯ ಮುನಿಯಪ್ಪ ನಮ್ಮ ಆಪರೇಟರ್.

ಒಂದು ಮಧ್ಯಾಹ್ನ ಗಣಿಯೊಳಗೆ ಬಂಡೆ ಸಿಡಿದು ವೆಂಕಟೇಶ ಎಂಬ ಕಾರ್ಮಿಕನಿಗೆ ತೀವ್ರ ಗಾಯವಾಯಿತು. ಅವನ ಗುಂಪಿನ ರಕ್ತ ಊರಲ್ಲಿ ಸಿಗಲಿಲ್ಲ. ಹಿಂದಿನ ದಿನದ ಗಾಳಿಗೆ ಟೆಲಿಫೋನ್ ತಂತಿಗಳು ಬಿದ್ದಿದ್ದವು. ನಮ್ಮಿಂದ ಬೆಂಗಳೂರಿಗೆ ಸುದ್ದಿ ಮುಟ್ಟಿದರೆ ಅಲ್ಲಿಂದ ಕೂಡಲೇ ರಕ್ತ ಹೊರಡುತ್ತಿತ್ತು.

ಮುನಿಯಪ್ಪ ವೈರ್‌ಲೆಸ್‌ನಲ್ಲಿ ಬೆಂಗಳೂರನ್ನು ಕರೆಯತೊಡಗಿದ. ಉತ್ತರವಿಲ್ಲ. ಹೆಡ್‌ಫೋನಿನಲ್ಲಿ ಸದಾ ಇರುವ ಗರಗರ ಸದ್ದೂ ಅಡಗಿತ್ತು.

"ಟೀ ಅಂಗ್ಡಿ ರೇಡಿಯೋ ಆಡ್ತೈತೆ ಸಾರ್. ನನ್ ಸೆಟ್ಟೇ ಕೆಟ್ಟೈತೆ. ಬೆಳಗ್ಗೆ ನಾನೇ ಬಿಚ್ಚಿ ಒರೆಸಿದ್ನಲ್ಲ!" ಎಂದು ಅವನು ಸೆಟ್ ಬಿಚ್ಚಲು ಹೊರಟ.

ನನಗೆ ತರಬೇತಿಯ ಪಾಠ ನೆನಪಾಗಿ, ಎಲ್ಲಾದರೂ ಅಣುಯುದ್ಧ ಶುರುವಾಯಿತೇ ಎಂದು ಹೆದರಿದೆ. ನಮ್ಮ ಸೆಟ್ಟಿನ ಶಾರ್ಟ್‌ವೇವ್ ಸಂಕೇತಗಳು ವಾತಾವರಣದ ಮೇಲ್ಭಾಗದಲ್ಲಿರುವ ಅಯಾನುಗೋಳವೆಂಬ ಪದರಕ್ಕೆ ತಾಗಿ ನೆಲಕ್ಕೆ ಮರಳುತ್ತವೆ. ಬಹು ಎತ್ತರದಲ್ಲಿ ಅಣುಬಾಂಬ್ ಸಿಡಿದರೆ ಅದರ ವಿಕಿರಣದಿಂದ ಅಯಾನುಗೋಳದ ಕೆಳಪದರ ದಟ್ಟವಾಗಿ ಆ ಸಂಕೇತಗಳನ್ನು ನುಂಗಿಬಿಡುತ್ತದೆ. ಸೂರ್ಯನ ಮೇಲಿನ ದೊಡ್ಡ ಸ್ಫೋಟವೂ ಹಾಗೇ ಮಾಡುತ್ತದೆ. ಟೀ ಅಂಗಡಿಯ ಮೀಡಿಯಂ ವೇವ್ ಹಗಲಲ್ಲಿ ನೆಲಕ್ಕಂಟಿಕೊಂಡು ಬರುವುದರಿಂದ ಅದಕ್ಕೆ ಏನೂ ಆಗದು.

"ಸೆಟ್ ಕೆಟ್ಟಿರಲಿಕ್ಕಿಲ್ಲ, ಮುಟ್ಟಬೇಡ, ಕರೀತಾನೇ ಇರು," ಎಂದೆ. ಬೆಂಗಳೂರಿಗೆ ಜೀಪನ್ನೂ ಅಟ್ಟಿದೆವು. ಒಂದು ಗಂಟೆಯ ನಂತರ ಸಂಪರ್ಕ ಮರಳಿ, ಅಲ್ಲಿಂದ ರಕ್ತ ಹೊರಟಿತು. ಅದು ತಲುಪುವಷ್ಟರಲ್ಲಿ ವೆಂಕಟೇಶ ತೀರಿಕೊಂಡಿದ್ದ.

ಮರುದಿನ ಕೇಂದ್ರ ಕಚೇರಿಯಿಂದ ತಿಳಿಯಿತು: ಕಾರಣ ಸೂರ್ಯ, ಆ ಹೊತ್ತು ಎಲ್ಲ ಕೇಂದ್ರಗಳೂ ಮೂಕವಾಗಿದ್ದವು. ಮುನಿಯಪ್ಪನಿಗೆ ಹೇಳಿದೆ. ಅವನ ಮುಖ ಸಡಿಲವಾಗಲಿಲ್ಲ.

"ನಿಮ್ಗೆ ಗೊತ್ತಾಯ್ತು ಸಾರ್. ಸತ್ತೋನ್ ಹೆಂಡ್ತಿ, ಆ ಯಮ್ಮನ್ಗೆ?"

ತಿಥಿ ಕಳೆದ ಮೇಲೆ ಇಬ್ಬರೂ ನಂದಿದುರ್ಗ ಗಣಿಯ ಕಡೆಯ ಕಾರ್ಮಿಕರ ಸಾಲುಮನೆಗಳ ಲೈನಿಗೆ ಹೋದೆವು. ವೆಂಕಟೇಶನ ಹೆಂಡತಿ ಲಕ್ಷ್ಮಮ್ಮ ಬಾಗಿಲಲ್ಲೇ ಕೂತಿದ್ದರು.

"ಅಕ್ಕಾ, ಆವತ್ತು ಸೆಟ್ ಮುಂದೆ ಕುಂತಿದ್ದೋನು ನಾನೇ. ಸುದ್ದಿ ಮುಟ್ಸಾಕ್ ಆಗ್ಲಿಲ್ಲ," ಎಂದ ಮುನಿಯಪ್ಪ ತಲೆ ತಗ್ಗಿಸಿದ.

ನಾನು ಸೂರ್ಯನ ವಿಷಯ ತೆಗೆದೆ. ಆಕೆ ಕೈಸನ್ನೆಯಲ್ಲೇ ನನ್ನನ್ನು ತಡೆದು ಅವನನ್ನು ಕೇಳಿದರು:

"ಕರೆಯೋದ್ ನಡುವೆ ಬಿಟ್ಟು ಎದ್ದೋದ್ಯಾ ಅಣ್ಣಾ?"

"ಇಲ್ಲಕ್ಕ."

"ಮತ್ತೆ? ಬಾ, ಒಳಗ್ ಕುಂತ್ಕೋ. ಕಾಫಿ ಕಾಯಿಸ್ತೀನಿ."

ಅವನು ಹೊಸ್ತಿಲಲ್ಲೇ ಬಿಕ್ಕಿದ. ಹಾಗಂತ ಅಳುಕು ಪೂರ್ತಿ ಹೋಗಲಿಲ್ಲ. ಗಣಿ ಆಸ್ಪತ್ರೆಯ ಸಂದೇಶ ಓದುವಾಗ ಅವನು ಕೆಲಸದಲ್ಲಿ ಇರುವವರೆಗೂ ಅವನ ದನಿ ಸಣ್ಣಗಾಗುತ್ತಿತ್ತು.

ಕಾರಣ ವಿವರಿಸುವುದು ನನ್ನ ಕೆಲಸವಾಗಿತ್ತು, ವಿವರಿಸಿದ್ದೆ. ಅವನಿಗೆ ಬೇಕಾಗಿದ್ದ ಕ್ಷಮೆ ಆ ಮನೆಯಲ್ಲಿತ್ತು. ಆಮೇಲೆ ಸಂದೇಶ ತಪ್ಪಿ ಯಾರಿಗಾದರೂ ನಷ್ಟವಾದಾಗ ನಾನು ವರದಿ ಕಳಿಸಿ ಸುಮ್ಮನಾಗಲಿಲ್ಲ. ಆಪರೇಟರನ್ನು ಕರೆದುಕೊಂಡು ನಷ್ಟವಾದವರ ಮನೆ ಬಾಗಿಲಿಗೆ ಹೋಗುತ್ತಿದ್ದೆ.