ನೀರಿನೊಳಗಿನ ಧೂಳು

ಹೋದ ಚಳಿಗಾಲವೆಲ್ಲ ನಮ್ಮ ಮನೆಯಲ್ಲಿ ನಡೆದದ್ದು ಒಂದೇ ಜಗಳ. ಸ್ಕೂಬಾ ಕಟ್ಟಿಕೊಂಡು ನೀರಿಗಿಳಿದಾಗ ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ, ಎಷ್ಟು ಆಳಕ್ಕೆ ಬಂದಿದ್ದೇವೆ ಎಂದು ತೋರಿಸುವ ಮೀಟರು ಮುಂಗೈಗೆ ಕಟ್ಟುವಂಥದ್ದಿರಬೇಕೋ, ಕೊಳವೆಯ ತುದಿಗೆ ತೂಗುವಂಥದ್ದಿರಬೇಕೋ ಎಂಬ ಜಗಳ. ನಾನು ಮುಂಗೈ ಪಕ್ಷ, ನನ್ನ ಗಂಡ ಕೊಳವೆಯ ಪಕ್ಷ. ಸಮುದ್ರವೇ ಇಲ್ಲದ ಈ ಸೀಮೆಯಲ್ಲಿ ಇಂಥದ್ದಕ್ಕೆ ಜಗಳವಾಡುವವರು ನಾವಿಬ್ಬರೇ ಇರಬೇಕು.

ಬರೆಯುವ ಮೊದಲು ನನಗೇ ಒಂದು ಎಚ್ಚರಿಕೆ ಹೇಳಿಕೊಳ್ಳಬೇಕು. ಜಗಳ ಮುಗಿದ ಮೇಲೆ ನನ್ನ ನೆನಪು ಯಾವಾಗಲೂ ನನ್ನ ಕಡೆಗೇ ವಾಲುತ್ತದೆ. ನಾನಾಡಿದ ಮಾತು ಚುರುಕಾಗಿ, ಅವರಾಡಿದ್ದು ಪೆದ್ದಾಗಿ ನೆನಪಿಗೆ ಬರುತ್ತದೆ. ಹಾಗಾಗಿ ಇಲ್ಲಿರುವುದರಲ್ಲಿ ಸ್ವಲ್ಪ ಕಳೆದು ಓದುವುದು ಒಳ್ಳೆಯದು.

ಅವರು ವಾಡಿಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಬೆಂಕಿ, ಅಪಘಾತ ನೋಡಿಕೊಳ್ಳುವ ತಂಡದಲ್ಲಿದ್ದಾರೆ. ನಾನು ಚಿತ್ತಾಪುರದ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಒಮ್ಮೆ ರಜೆಗೆಂದು ಕಾರವಾರದ ಕಡೆ ಹೋದಾಗ ಮೋಜಿಗೆ ಕಲಿತ ಸ್ಕೂಬಾ ಇಬ್ಬರಿಗೂ ಅಂಟಿಕೊಂಡಿತು. ಶಹಾಬಾದಿನಲ್ಲಿ ಕೆಲಸ ನಿಂತುಹೋದ ಹಾಸುಗಲ್ಲಿನ ಖಣಿಗಳಲ್ಲಿ ಮಳೆನೀರು ತುಂಬಿ ನಿಂತಿರುತ್ತದೆ. ಮಳೆಗಾಲ ಕಳೆದು ಕೆಸರು ತಳಕ್ಕೆ ಕೂತರೆ ಆ ನೀರು ಹಸಿರು ಗಾಜಿನಂತೆ ತಿಳಿಯಾಗುತ್ತದೆ. ಪರಿಚಯದವರೊಬ್ಬರ ಖಣಿಯಲ್ಲಿ, ಅವರ ಒಪ್ಪಿಗೆಯ ಮೇಲೆ, ಭಾನುವಾರಗಳಲ್ಲಿ ಇಳಿಯುತ್ತೇವೆ. ಪದರು ಪದರಾಗಿ ಕಲ್ಲು ತೆಗೆದ ಗೋಡೆಗಳು ನೀರಿನೊಳಗೂ ಮೆಟ್ಟಿಲು ಮೆಟ್ಟಿಲಾಗಿಯೇ ಇಳಿದುಹೋಗುತ್ತವೆ.

ನಮ್ಮಿಬ್ಬರದೂ ಹಳೆಯ ಕೊಳವೆ ಮೀಟರುಗಳು. ಅಂಗೈಗಿಂತ ಉದ್ದದ ರಬ್ಬರ್ ಹಲಗೆಯಲ್ಲಿ ಗಾಳಿಗೊಂದು, ಆಳಕ್ಕೊಂದು ಮುಳ್ಳಿನ ಡಯಲು. ಅವರದರಲ್ಲಿ ಆಳದ ಮುಳ್ಳು ಅಲುಗಾಡದೆ ನಿಂತಿತು. ಹೈದರಾಬಾದಿನ ಅಂಗಡಿಯವನು ಎರಡೂ ಬಗೆಯ ಹೊಸ ಮೀಟರುಗಳ ಫೋಟೊ ಕಳಿಸಿದ. ಮುಂಗೈಯದು ದಪ್ಪನೆಯ ಕೈಗಡಿಯಾರದಂತಿತ್ತು. ಸಿಲಿಂಡರಿಗೆ ಒಂದು ಪುಟ್ಟ ಯಂತ್ರ ಕೂರಿಸಿದರೆ ಸಾಕು, ತಂತಿಯಿಲ್ಲದೆಯೇ ಗಾಳಿಯ ಲೆಕ್ಕವೂ ಅದರ ಮೇಲೆಯೇ ಅಂಕಿಯಾಗಿ ಬರುತ್ತದೆ.

"ಇದೇ ತಗೋರಿ. ಕೊಳವಿ ತೂಗ್ಯಾಡಿ ಕಲ್ಲಿನ ಸಂದ್ಯಾಗ ಸಿಗಬೀಳ್ತದ. ಹೋದ ವರ್ಷ ನಿಮ್ಮದು ಸಿಕ್ಕಿತ್ತಿಲ್ಲೇನು?" ಎಂದೆ.

"ಸಿಕ್ಕಿದ್ದು ನಿಂದು. ನಾ ಬಿಡಿಸೀನಿ."

ನನ್ನ ನೆನಪಿನಲ್ಲಿ ಸಿಕ್ಕಿದ್ದು ಅವರದು, ಬಿಡಿಸಿದ್ದು ನಾನು. ಇಬ್ಬರೂ ಆಣೆ ಮಾಡಲು ತಯಾರು. ನೀರಿನೊಳಗೆ ಮೂರನೆಯವರು ಇರಲಿಲ್ಲ.

"ನೀರಾಗ ಬ್ಯಾಟರಿ ಹೋತಂದ್ರ ನಿನ್ನ ಕೈಗಡಿಯಾರ ಏನು ಮಾಡ್ತದ? ಮುಳ್ಳಿಗಿ ಬ್ಯಾಟರಿ ಬೇಕಾಗಲ್ಲ."

ಈ ಮಾತು ಸರಿಯಾಗಿಯೇ ಇತ್ತು. ಆದರೆ ಮುಂದಿನ ವಾರ ಬ್ಯಾಟರಿಯ ಮಾತು ಬಿಟ್ಟು ಮುಂಗೈಯ ಪಟ್ಟಿ ಹರಿಯುತ್ತದೆ ಎಂದರು. ಅದರ ಮುಂದಿನ ವಾರ ಅಂಥದ್ದು ಕಟ್ಟಿದರೆ ಕೈ ಬೆವರುತ್ತದೆ ಎಂದರು. ನೀರಿನೊಳಗೆ! ವಾರಕ್ಕೊಂದು ಕಾರಣ ಹುಡುಕುವವರ ಬಳಿ ಹೇಳದೆ ಉಳಿದ ಇನ್ನೊಂದು ಕಾರಣವಿರುತ್ತದೆ ಎಂದು ನನ್ನ ವಿದ್ಯಾರ್ಥಿಗಳ ವಿಷಯದಲ್ಲಿ ತಕ್ಷಣ ಗೊತ್ತಾಗುತ್ತದೆ. ಮನೆಯಲ್ಲಿ ಗೊತ್ತಾಗಲಿಲ್ಲ. ಇವರು ಹಟಮಾರಿ ಎಂದಷ್ಟೇ ಅಂದುಕೊಂಡು ಹಲ್ಲು ಕಡಿದೆ.

ಗೊತ್ತಾಗದಿರಲು ನಮ್ಮ ಊರೂ ಕಾರಣ. ವಾಡಿಯಲ್ಲಿ ಏನೇ ಮಸುಕಾಗಿ ಕಂಡರೂ ಧೂಳೇ. ಗೋಡೆ ಗಡಿಯಾರ ಸರಿಯಾಗಿ ಕಾಣದಿದ್ದರೆ ಧೂಳು, ಟಿವಿ ಕಾಣದಿದ್ದರೆ ಧೂಳು. ಬಟ್ಟೆ ಒಣಹಾಕುವ ಮೊದಲು ಹಗ್ಗ ಒರೆಸಿಕೊಳ್ಳುವ ಜನ ನಾವು. ಅವರ ಜೇಬಿನಲ್ಲಿ ಸದಾ ಒಂದು ಹಳದಿ ಮೆತ್ತನೆ ಬಟ್ಟೆ ಇರುತ್ತದೆ. ಮೊಬೈಲು, ಔಷಧದ ಬಾಟಲಿ, ರೈಲಿನ ಟಿಕೀಟು, ಎಲ್ಲವನ್ನೂ ಒರೆಸಿಯೇ ಓದುತ್ತಾರೆ. ವಿಚಿತ್ರ ಅನ್ನಿಸಿರಲಿಲ್ಲ. ಎಲ್ಲರೂ ಒರೆಸುತ್ತಾರೆ.

ಆ ನಡುವೆ ಅವರ ಅಕ್ಕ ಚಿಂಚೋಳಿಯ ಪಕ್ಕದ ಚಂದಾಪುರದಿಂದ ಮಗಳ ಮದುವೆಯ ಕಾರ್ಡು ಕೊಡಲು ಬಂದರು. ಇವರು ಕಾರ್ಡನ್ನು ಒರೆಸಿದರು, ಕೈ ನೀಡಿ ದೂರ ಹಿಡಿದರು, ಇನ್ನಷ್ಟು ದೂರ ಹಿಡಿದರು.

"ಯಾಕೋ ತಮ್ಮಾ, ಕಾರ್ಡ್ ಓದ್ಲಿಕ್ಕ ಕೈ ಸಾಲವಲ್ಲವೇನು? ನಾ ಹಿಡ್ಕೊಂಡು ಅಂಗಳದಾಗ ನಿಂದರ್ಲೇನು?"

"ಧೂಳ ಕುಂತದಕ್ಕಾ ಇದರ ಮ್ಯಾಲ."

"ಈಗ ಚೀಲದಾಗಿಂದ ತಗದೀನಿ. ನಮ್ಮ ಚಂದಾಪುರದಾಗ ನಿಮ್ಮ ಸಿಮೆಂಟ್ ಧೂಳ ಇಲ್ಲಪ್ಪಾ. ನಿನಗ ಚಾಳೀಸ್ ಬಂದದ, ಸುಮ್ನ ಒಂದು ಚಷ್ಮಾ ತಗೋ."

ನಾನು ಜೋರಾಗಿ ನಕ್ಕೆ. ಇವರು ನಗಲಿಲ್ಲ. ನೀರು ತರುವ ನೆಪದಲ್ಲಿ ಎದ್ದು ಒಳಗೆ ಹೋದರು. ಆಗಲೂ ನಾನು ಇದನ್ನೂ ಅದನ್ನೂ ಜೋಡಿಸಲಿಲ್ಲ. ಹಾಗೆಂದು ಈಗ ಬರೆಯುತ್ತಿದ್ದೇನೆ. ನಿಜಕ್ಕೂ ಹೊಳೆಯಲಿಲ್ಲವೋ, ಗೆಲ್ಲುವ ಹುಮ್ಮಸ್ಸಿನಲ್ಲಿ ಬೇಡವಾಗಿತ್ತೋ, ಖಚಿತವಾಗಿ ಹೇಳಲಾರೆ.

ಅದಾದ ಮೇಲೆ ಬಂದ ಭಾನುವಾರ ಖಣಿಗಿಳಿದೆವು. ಅವರ ಮೀಟರಿನಲ್ಲಿ ಗಾಳಿಯ ಮುಳ್ಳು ಇನ್ನೂ ಸರಿಯಾಗಿತ್ತು. ಆಳವನ್ನು ನನ್ನದರಲ್ಲಿ ನೋಡಿಕೊಂಡು ಅಕ್ಕಪಕ್ಕದಲ್ಲೇ ಇರುವುದೆಂದು ಮಾತಾಗಿತ್ತು. ಕೆಳಗಿನ ಒಂದು ಮೆಟ್ಟಿಲ ಬಳಿ, ಗಾಳಿ ಎಷ್ಟಿದೆ ಎಂದು ಸನ್ನೆಯಲ್ಲಿ ಕೇಳಿದೆ. ಅವರು ಕೊಳವೆ ಎಳೆದು ಮೀಟರನ್ನು ಕೈಯಳತೆಯ ದೂರಕ್ಕೆ ಹಿಡಿದರು. ನೋಡಿದರು. ಆಮೇಲೆ ಹೆಬ್ಬೆರಳಿನಿಂದ ಡಯಲನ್ನು ಒರೆಸಿದರು. ಮತ್ತೆ ನೋಡಿ, ಮತ್ತೆ ಒರೆಸಿ, ನೂರು ಎಂದು ಬೆರಳಲ್ಲಿ ತೋರಿಸಿದರು.

ನೀರಿನ ತಳದಲ್ಲಿ ನಿಂತು ಧೂಳು ಒರೆಸುತ್ತಿದ್ದಾರೆ ಎಂದು ನನ್ನ ತಲೆಗೆ ಹೋಗಲು ಒಂದು ಕ್ಷಣ ಬೇಕಾಯಿತು. ಮೀಟರನ್ನು ಅವರ ಕೈಯಿಂದ ಕಿತ್ತುಕೊಂಡು ನೋಡಿದೆ. ಮುಳ್ಳು ಗಾಳಿ ಮುಗಿಯುತ್ತ ಬಂತು ಎಂದು ಎಚ್ಚರಿಸುವ ಐವತ್ತರ ಕೆಂಪು ಪಟ್ಟಿಯನ್ನು ಮುಟ್ಟಿತ್ತು. ಮೇಲಕ್ಕೆ ಎಂದು ಸನ್ನೆ ಮಾಡಿದೆ. ಯಾಕೆ ಎಂಬಂತೆ ಕೈ ತಿರುಗಿಸಿದರು. ತೋಳು ಹಿಡಿದುಕೊಂಡೆ. ನಿಧಾನವಾಗಿ, ಏರಬೇಕಾದ ಕ್ರಮದಲ್ಲಿಯೇ ಏರಿದೆವು. ಆ ದಾರಿಯಷ್ಟು ಉದ್ದದ ದಾರಿ ನನಗೆ ಬೇರೆ ನೆನಪಿಲ್ಲ. ಅದೇನು ಅಷ್ಟು ಆಳವೂ ಅಲ್ಲ.

ಕಲ್ಲಿನ ಮೇಲೆ ಕೂತು ಮಾಸ್ಕ್ ತೆಗೆದ ಕೂಡಲೇ ಕೇಳಿದೆ. "ಗಾಳಿ ಎಷ್ಟಿತ್ರಿ?"

"ನೂರು."

"ಐವತ್ತಿತ್ತು."

"ನಾ ನೋಡ್ದಾಗ ನೂರಿತ್ತು. ನೀ ನೋಡೋದ್ರಾಗ ಇಳದಿರಬೇಕು."

"ಅದೇನು ಲಿಫ್ಟ್ ಏನ್ರಿ, ಹಂಗ ಇಳೀಲಿಕ್ಕ?"

"ಡಯಲ್ ಮ್ಯಾಲ ಧೂಳ..." ಎಂದವರು ಅಲ್ಲಿಗೇ ನಿಂತರು. ಡಯಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ಆಮೇಲೆ ಖಣಿಯ ಕಡೆ ನೋಡುತ್ತಲೇ ಹೇಳಿದರು: "ಈ ಮೀಟರ್ ಆದ್ರ ದೂರ ಹಿಡಿಬಹುದು. ಡಯಲೂ ದೊಡ್ಡದದ. ಮುಂಗೈ ಮ್ಯಾಲಿಂದು ಎಷ್ಟಂತ ದೂರ ಹೋಗ್ತದ? ಅದರಾಗಿನ ಅಂಕಿ ಇರಿವಿ ಹಂಗ ಕಾಣ್ತಾವ."

"ಚಳಿಗಾಲೆಲ್ಲ ಜಗಳಾಡೋ ಬದಲಿ ಇದೊಂದು ಮಾತು ಹೇಳಲಿಕ್ಕ ಏನಾಗಿತ್ರಿ ನಿಮಗ?"

"ಚಷ್ಮಾ ಅಂದ್ರ ಕಾರ್ಖಾನ್ಯಾಗ ಸಾಹೇಬ್ರು ನನಗ ಟೀಮಿನಿಂದ ತಗದು ಕುರ್ಚಿ ಮ್ಯಾಲ ಕೂಡಸ್ತಾರ."

"ಇವತ್ತು ಕುರ್ಚಿ ಹೋಗ್ಲಿ, ನೀವ ಇರ್ತಿದ್ದಿಲ್ಲ" ಎಂದು ಕೂಗಿದೆ. ಎದುರಿನ ಕಲ್ಲುಗೋಡೆಯಿಂದ ನನ್ನ ದನಿ ಹಿಂದಕ್ಕೆ ಬಂತು. ಕೂಗಲಿಲ್ಲ, ಮೆಲ್ಲಗೆ ಅಂದೆ ಎಂದು ಅವರು ಈಗ ಹೇಳುತ್ತಾರೆ. ಹಾಗೆ ಹೇಳಿದರೆ ನನಗೆ ಇನ್ನೂ ಸಿಟ್ಟು ಬರುತ್ತದೆ.

ಮರುವಾರ ಚಷ್ಮಾ ಬಂತು. ಹೆದರುತ್ತಲೇ ಕಾರ್ಖಾನೆಗೆ ಹಾಕಿಕೊಂಡು ಹೋದರು. ಸಾಹೇಬರು ತಮ್ಮ ಜೇಬಿನಿಂದ ತಮ್ಮದನ್ನೇ ತೆಗೆದು ತೋರಿಸಿ, "ಈಗ ತಗೊಂಡ್ರೇನು? ಭಾಳ ತಡಾ ಮಾಡಿದ್ರಿ" ಎಂದರಂತೆ. ಇಷ್ಟಕ್ಕಾಗಿ ಒಂದಿಡೀ ಚಳಿಗಾಲ! ಕೊನೆಗೆ ಕೊಳವೆ ಮೀಟರನ್ನೇ ತರಿಸಿದೆವು. ಚಷ್ಮಾ ಹಾಕಿಕೊಂಡು ನೀರಿಗಿಳಿಯಲು ಬರುವುದಿಲ್ಲ. ಓದುವ ಗಾಜು ಕೂರಿಸಿದ ಮಾಸ್ಕ್ ಸಿಗುತ್ತದೆ ಎಂದರೆ, "ನೋಡೋಣ" ಎಂದರು. ಅಲ್ಲಿಯವರೆಗೆ ಒಂದು ಕರಾರು ಮಾಡಿದೆ: ಮೇಲಿನ ಒಂದೆರಡು ಮೆಟ್ಟಿಲು ದಾಟುವಂತಿಲ್ಲ, ಅವರ ಗಾಳಿಯನ್ನು ಓದುವುದು ನಾನು. ನಾನು ಸನ್ನೆ ಮಾಡಿದರೆ ಸಾಕು, ನೋಡದೆಯೇ ಮೀಟರನ್ನು ನನ್ನ ಕೈಗಿಡಬೇಕು. ಈ ಒಂದು ವಿಷಯದಲ್ಲಿ ಕೊಳವೆಯೇ ಮೇಲು ಎಂದು ಒಪ್ಪಲೇಬೇಕಾಯಿತು. ಒಬ್ಬರ ಮುಂಗೈಯನ್ನು ಇನ್ನೊಬ್ಬರ ಕೈಗೆ ಕೊಡಲಾಗುವುದಿಲ್ಲ.

ಮೊನ್ನೆ ಭಾನುವಾರ ಹಾಗೆಯೇ ಕೊಟ್ಟರು. ಹೊಸ ಡಯಲು, ತಿಳಿ ನೀರು, ನೆತ್ತಿಯ ಮೇಲೆ ಬಿಸಿಲು. ಮುಳ್ಳು ನೂರರ ಹತ್ತಿರವಿತ್ತು. ನೂರರ ಈಚೆಗೋ ಆಚೆಗೋ ತಿಳಿಯಲಿಲ್ಲ. ಸ್ವಲ್ಪ ದೂರ ಹಿಡಿದೆ. ಆಮೇಲೆ ನೋಡಿದರೆ ನನ್ನ ಹೆಬ್ಬೆರಳು ಡಯಲಿನ ಮೇಲಿತ್ತು. ಒರೆಸಿದೆನೋ, ಒರೆಸುವುದರಲ್ಲಿದ್ದೆನೋ, ಈಗಲೂ ಹೇಳಲಾರೆ. ಮೇಲಕ್ಕೆ ಎಂದು ಸನ್ನೆ ಮಾಡಿದೆ.

ದಂಡೆಯ ಮೇಲೆ ಕೂತು ಹೈದರಾಬಾದಿಗೆ ಫೋನ್ ಹಚ್ಚಿ, ಓದುವ ಗಾಜಿನ ಮಾಸ್ಕ್ ಎರಡು ಬೇಕು ಎಂದೆ. ಅವರು ತಲೆ ಒರೆಸಿಕೊಳ್ಳುತ್ತಾ ಕೇಳಿಸಿಕೊಂಡರು.

"ಎರಡ್ಯಾಕ?"

"ಧೂಳ ಭಾಳ ಅದರಿ" ಎಂದೆ.