ರೊಸೊಲಿನೊಗೆ ಮೂರು ಚುಟ್ಟಾ

ಅಮೆರಿಕದ ಟ್ಯಾಂಪಾ ಊರಿನ ಈಬೋರ್ ಕೇರಿಯ ಕಾರ್ಖಾನೆಗಳಲ್ಲಿ ಚುಟ್ಟಾ ಸುತ್ತುವವರಿಗೆ ಒಂದು ಹಕ್ಕಿತ್ತು. ಸಂಜೆ ಕೆಲಸ ಬಿಡುವ ಮುನ್ನ ಮನೆಗೆಂದು ಮೂರು ಚುಟ್ಟಾ ಸುತ್ತಿಕೊಳ್ಳಬಹುದು; ಯಾರೂ ಕೇಳುವಂತಿಲ್ಲ. ಸಿಸಿಲಿಯಿಂದ ಹಡಗೇರಿ ಬಂದಿದ್ದ ಕಲೋಜೆರಾ ಹತ್ತೊಂಬತ್ತು ವರ್ಷ ಆ ಮೂರನ್ನು ಗಂಡ ರೊಸೊಲಿನೊಗೆಂದೇ ಸುತ್ತಿದ್ದಳು. ಅವನ ಎದೆಯಲ್ಲಿ ಬಲವಿರಲಿಲ್ಲ. ಬಿಗಿಯಾಗಿ ಸುತ್ತಿದ್ದನ್ನು ಎಳೆಯಲು ಉಸಿರು ಸಾಲದು. ಅದಕ್ಕೇ ಅವನವು ಮಾತ್ರ ತುಸು ಸಡಿಲ.

ಫೆಬ್ರವರಿಯಲ್ಲಿ ಅವನು ತೀರಿಕೊಂಡ. ಇಟಲಿಯವರ ಸಂಘದವರು ಬಂದು ಹೊತ್ತೊಯ್ದು ಮಣ್ಣು ಮಾಡಿದರು. ನಾಲ್ಕನೆಯ ದಿನ ಅವಳು ಮತ್ತೆ ಕೆಲಸಕ್ಕೆ ಕುಳಿತಳು. ಸಂಜೆಯ ಮೂರನ್ನು ಬಿಡಲಿಲ್ಲ. ವಾರದ್ದನ್ನೆಲ್ಲ ಕೂಡಿಸಿ ಭಾನುವಾರ ಅವನ ಸಮಾಧಿಯ ಮೇಲಿಟ್ಟು ಬರುತ್ತಿದ್ದಳು. ಗುಂಡಿ ತೋಡುವವನು ಅವನ್ನು ಸೇದುತ್ತಾನೆಂದು ಅವಳಿಗೂ ಗೊತ್ತಿತ್ತು.

ಈಸ್ಟರ್ ಹೊತ್ತಿಗೆ ಅವಳು ಹಗಲು ಕಾರ್ಖಾನೆಗೆಂದು ಸುತ್ತುವ ಚುಟ್ಟಾಗಳೂ ಸಡಿಲವಾಗತೊಡಗಿದವು. ಮೇಸ್ತ್ರಿ ಎವರಿಸ್ತೊ ಒಂದನ್ನು ಬೆರಳಲ್ಲಿ ಒತ್ತಿ ನೋಡಿ ಮುರಿದು ಹಾಕಿದ.

"ಇದೇನಮ್ಮ, ದಿಂಬು ತುಂಬ್ತಿದ್ದೀಯಾ? ಈ ತಿಂಗಳು ನೋಡ್ತೀನಿ. ಆಮೇಲೆ ನಿನ್ನ ಜಾಗಕ್ಕೆ ಬೇರೆಯವರನ್ನ ಕೂರಿಸ್ತೀನಿ."

ಅವಳು ಹಟ ಹಿಡಿದು ಬಿಗಿಯಾಗಿ ಸುತ್ತಲು ನೋಡಿದಳು. ಒಳಗಿನ ಎಲೆಗಳನ್ನು ಅಂಗೈಯಲ್ಲಿ ಒತ್ತುವಾಗ ಕೈ ತಾನಾಗಿಯೇ ಹಗುರಾಗಿಬಿಡುತ್ತಿತ್ತು. ಪಕ್ಕದಲ್ಲಿ ಕೂರುತ್ತಿದ್ದ ಕ್ಯೂಬಾದ ಡೆಲ್ಫಿನಾ ಎರಡು ದಿನ ಸುಮ್ಮನೆ ಗಮನಿಸಿ, ಸಂಜೆಯ ಮೂರನ್ನು ಮೊದಲು ನಿಲ್ಲಿಸೆಂದಳು.

"ಹೋದವನಿಗೆ ದಿನಾ ಸುತ್ತುತ್ತಾ ಇದ್ರೆ ಕೈ ಹೇಗಕ್ಕ ಮರೆಯುತ್ತೆ?"

"ಮರೀಲಿ ಅಂತ ನಾನೆಲ್ಲಿ ಕೇಳ್ಕೊಂಡೆ?"

ಮಕ್ಕಳಿರಲಿಲ್ಲ. ಅವನದೊಂದು ಫೋಟೋ ಕೂಡ ಇರಲಿಲ್ಲ. ಅವನದೆಂದು ಅವಳಲ್ಲಿ ಉಳಿದದ್ದು ಕೈಯ ಆ ಹದವೊಂದೇ. ಆದರೆ ಬದುಕಲು ಬೇರೆ ಕಸುಬೂ ಗೊತ್ತಿರಲಿಲ್ಲ. ಮರುದಿನ ಸಂಜೆ ಹಲಗೆ ಒರೆಸಿ ಬರಿಗೈಯಲ್ಲಿ ಎದ್ದಳು. ಅದರ ಮರುದಿನವೂ.

ತಿಂಗಳ ಕೊನೆಗೆ ಮೇಸ್ತ್ರಿ ಅವಳ ಕಟ್ಟು ಬಿಚ್ಚಿ ಒಂದೊಂದನ್ನೇ ಒತ್ತಿದ. ಒಂದನ್ನೂ ಮುರಿಯದೆ ಮುಂದಿನವಳ ಕಡೆ ನಡೆದ. ಡೆಲ್ಫಿನಾ ಮೆಚ್ಚುಗೆಗೆ ಎಲೆ ಕೊಯ್ಯುವ ಅಲಗಿನಿಂದ ಹಲಗೆಯನ್ನು ಎರಡು ಸಲ ತಟ್ಟಿದಳು. ಕಲೋಜೆರಾ ತಲೆಯೆತ್ತಲಿಲ್ಲ.

ಸೆಪ್ಟೆಂಬರಿನಲ್ಲಿ ಗಂಡನಿಗೆ ಯಾವ ಸಂತ ಮಾತೆಯ ಹೆಸರಿಟ್ಟಿದ್ದರೋ ಅವಳ ಹಬ್ಬ ಬಂತು. ಆ ಸಂಜೆ ಒಂದೇ ಒಂದನ್ನು ಅವನಿಗೆಂದು ಸುತ್ತಿ, ಒತ್ತಿ ನೋಡಿದಳು. ಬಿಗಿಯಾಗಿತ್ತು. ಬಿಚ್ಚಿ ಇನ್ನೊಮ್ಮೆ ಸುತ್ತಿದಳು, ಆಗಲೂ ಬಿಗಿ. ಸುತ್ತಲಿನವರು ಎದ್ದು ಹೋಗುತ್ತಿದ್ದರು. ಡೆಲ್ಫಿನಾ ಬಾಗಿಲಲ್ಲಿ ನಿಂತು ಕಾದಳು, ಆಮೇಲೆ ಅವಳೂ ಹೋದಳು. ಎಲೆ ಬೆರಳಲ್ಲಿ ಪುಡಿಯಾಗುವವರೆಗೂ ಕಲೋಜೆರಾ ಸುತ್ತಿದಳು, ಬಿಚ್ಚಿದಳು.